ಪಾಕೀಟಿನ ಮ್ಯಾಲ ರೈತನ ಹೆಸರು ಹೆಂಗ ಬಂತು?



ಸೋಯಾ ರಾಶಿ ಮುಗದು, ಕಡ್ಲಿ ಬಿತ್ತಿ, ತೊಗರಿ ಹೂ-ಕಾಯಿ ಹಿಡಿಯೋ ಹೊತ್ತು ಇದು. ಈ ಸಲ ಕಾಯಿಕೊರಕದ ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ಅದು ಮುಂದಿನ ಸಲ. ಈಗ ಬರೀಲತ್ತಿದ್ದು ಕಾಫಿ ಬಗ್ಗೆ. ಚಿಂತಾಕಿಯಾಗ ಕೂತು ಇವ ಕಾಫಿ ಬಗ್ಗೆ ಏನ್ ಬರೀತಾನ ಅಂತ ನಗಬ್ಯಾಡ್ರಿ. ಕೊನಿತನಕ ಓದಿದ್ರ ಇದು ನಮ್ಮ ತೊಗರಿ ಮಾತೇ ಅಂತ ಗೊತ್ತಾಗ್ತದ.

ದೀಪಾವಳಿಗೆ ಮಗಳು ಬೆಂಗಳೂರಿಂದ ಬಂದಾಗ ಒಂದು ಗಾಜಿನ ಚೊಂಬು ತಂದಿದ್ದಳು. ಫ್ರೆಂಚ್ ಪ್ರೆಸ್ ಅಂತಾರ ಅದಕ್ಕ. ಉದ್ದನ ಗಾಜಿನ ಪಾತ್ರೆ, ಹಿಡಿಕಿ ಅದ, ಮುಚ್ಚಳದ ನಡುವ ಒಂದು ಸಳಿ, ಸಳಿ ತುದಿಗೆ ದುಂಡನ ಜಾಲರಿ. ಸೈಕಲ್ ಪಂಪಿನ ಹಂಗ ಮ್ಯಾಲಿಂದ ಕೆಳಗ ಒತ್ತಬೇಕು. ಪುಡಿ ಎಲ್ಲ ತಳಕ್ಕ ಹೋಗಿ ಕೂಡ್ತದ, ಮ್ಯಾಲ ಡಿಕಾಕ್ಷನ್ ಉಳೀತದ. ಮನಿಯಾಕಿ ಅದಕ್ಕ "ಸೋಸು ಚೊಂಬು" ಅಂತ ಹೆಸರಿಟ್ಟಳು. ನಾನೂ ಹಂಗೇ ಕರೀತೀನಿ.

ಮುಂಜಾನೆ ಮಗಳು ಏಳೋದ್ರೊಳಗ ನಾನೇ ಮಾಡಿ ನೋಡೋಣ ಅಂತ ಹೋದೆ. ಮನಿಯಾಗ ಯಾವಾಗಲೋ ತಂದಿಟ್ಟಿದ್ದ ಫಿಲ್ಟರ್ ಕಾಫಿ ಪುಡಿ ಇತ್ತು, ಚಿಕೋರಿ ಕೂಡಿದ್ದು, ಹಿಟ್ಟಿನಂಗ ಸಣ್ಣದು. ಅದನ್ನೇ ಹಾಕಿ ಕುದಿಯೋ ನೀರು ಸುರಿದೆ. ಜಾಲರಿ ನಡುವ ಸಿಕ್ಕಿ ನಿಂತುಬಿಡ್ತು. ಔಷಧ ಹೊಡಿಯೋ ಪಂಪಿನ ಜಾಲರಿಗೆ ಕಸ ಕೂತಾಗ ನಾವು ಏನ್ ಮಾಡ್ತೀವಿ? ಜೋರು ಹಚ್ತೀವಿ. ಇಲ್ಲೂ ಹಚ್ಚಿದೆ. ಬಿಸಿ ನೀರು ಬದಿಯಿಂದ ಚಿಮ್ಮಿ ಅಂಗೈ ಸುಟ್ಟಿತು. ಮಗಳು ಓಡಿ ಬಂದು ಕೈ ತಣ್ಣೀರಾಗ ಇಡಿಸಿ, ಒಂದು ಪಾಕೀಟು ತೆಗೆದಳು. "ಅಪ್ಪಾ, ಇದಕ್ಕ ದಪ್ಪ ಪುಡಿ ಬೇಕು, ಬರೇ ಕಾಫಿ ಬೇಕು" ಅಂತ ಹೇಳಿ ತಾನೇ ಮಾಡಿದಳು.

ಕಾಫಿ ರುಚಿ ಒಂದು ಕಡಿಗಿರಲಿ, ನನ್ನ ತಲಿಯಾಗ ಕೂತಿದ್ದು ಆ ಪಾಕೀಟು. ಅದರ ಮ್ಯಾಲ ಚಿಕ್ಕಮಗಳೂರು ಕಡಿ ಒಬ್ಬ ಬೆಳೆಗಾರನ ಹೆಸರಿತ್ತು. ಊರಿತ್ತು. ತೋಟ ಸಮುದ್ರಮಟ್ಟದಿಂದ ಎಷ್ಟು ಎತ್ತರ, ತಳಿ ಯಾವುದು, ಯಾವ ತಿಂಗಳು ಕೊಯ್ದಿದ್ದು, ಹೆಂಗ ಒಣಗಿಸಿದ್ದು, ಎಲ್ಲ ಬರೆದಿತ್ತು. ನಾನು ಓದ್ಕೋತ ಕೂತಿದ್ದು ನೋಡಿ ಮಗಳು ಕೇಳಿದಳು: "ಅಪ್ಪಾ, ಮೂವತ್ತು ವರ್ಷ ಆಯ್ತು ನೀ ತೊಗರಿ ಬೆಳೆದು. ಯಾವ ಬ್ಯಾಳಿ ಪಾಕೀಟಿನ ಮ್ಯಾಲ ನಿನ್ನ ಹೆಸರು ಅದ?"

ನನಗ ಉತ್ತರ ಬರಲಿಲ್ಲ. ಅವಳು ಹೋದ ಮ್ಯಾಲ, ಕಾಫಿ ಬೆಳೆಗಾರನ ಹೆಸರು ಪಾಕೀಟಿಗೆ ಬಂದದ್ದು ಹೆಂಗ ಅಂತ ಓದಲಿಕ್ಕೆ ಕೂತೆ. ಹಿಂದಿನಿಂದ ಹಂಗೇ ಇತ್ತು ಅಂದುಕೊಂಡಿದ್ದೆ. ಇರಲಿಲ್ರಿ. ಹಿಂದೊಮ್ಮೆ ಅವರ ಗತಿ ನಮಗಿಂತ ಬಿಗಿ ಇತ್ತು. ತಮ್ಮ ಬೆಳಿ ತಾವೇ ಮಾರೋದು ಅವರಿಗೆ ಕಾನೂನಿನ ಪ್ರಕಾರ ತಪ್ಪಾಗಿತ್ತು.

ಏಳು ಬೀಜ

ಕಾಫಿ ಗಿಡದ ತವರು ಆಫ್ರಿಕಾದ ಇಥಿಯೋಪಿಯಾ. ಅಲ್ಲಿಂದ ಕೆಂಪು ಸಮುದ್ರ ದಾಟಿ ಯೆಮೆನ್‌ಗೆ ಬಂತು. ಹದಿನೈದನೆಯ ಶತಮಾನದಾಗ ಅಲ್ಲಿನ ಸೂಫಿಗಳು ರಾತ್ರಿ ಜಪಕ್ಕ ಕೂತಾಗ ನಿದ್ದಿ ಬರಬಾರದು ಅಂತ ಇದರ ಕಷಾಯ ಕುಡೀತಿದ್ದರು. ಅದೇ ಶತಮಾನದಾಗ ನಮ್ಮ ಬೀದರ ಬಹಮನಿ ಸುಲ್ತಾನರ ರಾಜಧಾನಿ ಆಗಿತ್ತು. ಮಹಮೂದ್ ಗವಾನ್ ಮದರಸಾ ಕಟ್ಟಿಸಿದ್ದು 1472ರಾಗ. ಕುದುರಿ ವ್ಯಾಪಾರಕ್ಕ ಅರಬ್ ಸಮುದ್ರದ ಆಚಿನ ಮಂದಿ ಇಲ್ಲಿಗೆ ಬರ್ತಿದ್ದ ಕಾಲ ಅದು.

ಮುಂದ ಯೆಮೆನ್‌ದ ಮೋಖಾ ಬಂದರು ಕಾಫಿ ವ್ಯಾಪಾರದ ಬಾಗಿಲಾಯ್ತು. ಮೊಳಿಯೋ ಬೀಜ ಹೊರಗ ಹೋಗಬಾರದು ಅಂತ ಕುದಿಸಿ ಇಲ್ಲಾ ಹುರಿದು ಕಳಿಸ್ತಿದ್ದರು ಅಂತ ಹೇಳ್ತಾರ. ಬೀಜ ಯಾರ ಕೈಯಾಗೋ ಬೆಳಿ ಅವರ ಕೈಯಾಗ. ಪ್ರತಿ ವರ್ಷ ಸೋಯಾ ಬೀಜಕ್ಕ ಸಾಲಿನಾಗ ನಿಲ್ಲೋ ನಮಗ ಇದನ್ನ ಬಿಡಿಸಿ ಹೇಳೋದು ಬ್ಯಾಡ.

ಹದಿನೇಳನೆಯ ಶತಮಾನದಾಗ ಹಜ್ ಯಾತ್ರಿಗೆ ಹೋದ ಬಾಬಾ ಬುಡನ್ ಅನ್ನೋ ಸೂಫಿ ಸಂತರು ಮೋಖಾದಿಂದ ಏಳು ಬೀಜ ಮುಚ್ಚಿಟ್ಟುಕೊಂಡು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದಾಗ ಹಾಕಿದರು ಅನ್ನೋದು ಪರಂಪರೆಯಿಂದ ಬಂದ ಕಥಿ. ಆ ಗುಡ್ಡಕ್ಕ ಬಾಬಾಬುಡನ್‌ಗಿರಿ ಅಂತ ಹೆಸರು ಬಂದದ್ದು ಅವರಿಂದಲೇ. ಹೊಟ್ಟಿಗೆ ಕಟ್ಟಿಕೊಂಡು ತಂದರು ಅಂತ ಒಬ್ಬರು, ಗಡ್ಡದಾಗ ಇಟ್ಟುಕೊಂಡು ತಂದರು ಅಂತ ಇನ್ನೊಬ್ಬರು ಹೇಳ್ತಾರ. ಹೆಂಗೇ ತಂದಿರಲಿ, ಭಾರತದ ಕಾಫಿ ಶುರುವಾದದ್ದು ಕರ್ನಾಟಕದ ಆ ಗುಡ್ಡದಾಗ ಅನ್ನೋದನ್ನ ಎಲ್ಲರೂ ಒಪ್ತಾರ.

ಭಾಳ ವರ್ಷ ಅದು ಹಿತ್ತಲ ಗಿಡ ಆಗೇ ಇತ್ತು. ಹತ್ತೊಂಬತ್ತನೆಯ ಶತಮಾನದಾಗ ಇಂಗ್ಲಿಷರು ಚಿಕ್ಕಮಗಳೂರು, ಕೊಡಗು, ಸಕಲೇಶಪುರ ಕಡಿ ಕಾಡಿನ ನೆರಳಿನಾಗ ದೊಡ್ಡ ತೋಟ ಹಾಕಿದರು. ಆಮ್ಯಾಲ ರೋಗ ಬಂತು. 1869ರಾಗ ಸಿಲೋನಿನಾಗ, ಅಂದ್ರ ಈಗಿನ ಶ್ರೀಲಂಕಾದಾಗ, ಎಲಿ ತುಕ್ಕು ರೋಗ ಕಾಣಿಸಿಕೊಂಡಿತು. ಎಲಿ ಕೆಳಗ ಕಿತ್ತಳಿ ಬಣ್ಣದ ಪುಡಿ, ಆಮ್ಯಾಲ ಎಲಿ ಉದುರಿ ಗಿಡ ಬೋಳು. ಕೆಲವೇ ವರ್ಷದಾಗ ಅಲ್ಲಿನವರು ಕಾಫಿ ಕಿತ್ತು ಚಾ ಹಚ್ಚಿದರು. ಸಿಲೋನ್ ಚಾ ಅಂತ ಜಗತ್ತಿಗೆ ಹೆಸರಾಗಿದ್ದರ ಹಿಂದ ಒಂದು ಎಲಿ ರೋಗ ಅದ. ನಮ್ಮ ಕಡಿ ತೋಟಗಳಿಗೂ ಅದು ಬಂತು, ಜೊತಿಗೆ ಕಾಂಡಕೊರಕ ಹುಳನೂ ಬಂತು. ಆದ್ರ ಇಲ್ಲಿ ಕಾಫಿ ಉಳೀತು. ಮೈಸೂರು ಸಂಸ್ಥಾನ 1925ರಾಗ ಬಾಳೆಹೊನ್ನೂರಿನಾಗ ಸಂಶೋಧನಾ ಕೇಂದ್ರ ತೆಗೀತು. ಅಲ್ಲಿ ಬೆಳೆಸಿದ ಎಸ್ 795 ಅನ್ನೋ ತಳಿ 1940ರ ದಶಕದಿಂದ ಇವತ್ತಿನತನಕ ತೋಟದಾಗ ಅದ. ಮಗಳು ತಂದ ಪಾಕೀಟಿನ ಮ್ಯಾಲ ಇದ್ದದ್ದೂ ಅದೇ ತಳಿ. ಗೊಡ್ಡು ರೋಗ, ನೆಟಿ ರೋಗಕ್ಕ ತಡಿಯೋ ತೊಗರಿ ಬಂದ ಮ್ಯಾಲ ನಮ್ಮ ಹೊಲ ಉಳಿದವಲ್ಲ, ಅಂಥದ್ದೇ ಕಥಿ ಇದು.

ನಾವು ಚಾ ಮಂದಿ ಆದದ್ದು

ಹಂಗಾದ್ರ ಕಾಫಿ ಬೆಳಿಯೋ ರಾಜ್ಯದಾಗಿದ್ದೂ ನಾವು ಯಾಕ ಚಾ ಮಂದಿ? ಮೊದಲನೇ ಕಾರಣ, ಆಗ ಇದು ಒಂದೇ ರಾಜ್ಯ ಆಗಿರಲಿಲ್ಲ. ಚಿಕ್ಕಮಗಳೂರು ಮೈಸೂರು ಅರಸರದ್ದು, ಕೊಡಗು ಇಂಗ್ಲಿಷರ ಕೈಯಾಗಿನ ಬ್ಯಾರೆ ಪ್ರಾಂತ, ಬೀದರ ನಿಜಾಮರದ್ದು. 1956ರ ನವೆಂಬರ್ 1ಕ್ಕ ಮೂರೂ ಒಂದೇ ರಾಜ್ಯಕ್ಕ ಬಂದವು. ಅಷ್ಟೊತ್ತಿಗೆ ನಮ್ಮ ಬಾಯಿ ರುಚಿ ಹೈದರಾಬಾದಿನ ಕಡಿ ತಿರುಗಿಬಿಟ್ಟಿತ್ತು. ಇರಾನಿ ಹೋಟೆಲ್ಲು, ಕಪ್ಪು-ಬಶಿ, ಬಶಿಗೆ ಸುರಿದು ಊದಿ ಕುಡಿಯೋದು.

ಎರಡನೇ ಕಾರಣ ನನಗ ಗೊತ್ತೇ ಇರಲಿಲ್ಲ. ಚಾ ಕುಡಿಯೋ ಚಟ ತಾನಾಗಿ ಊರಿಗೆ ಬರಲಿಲ್ಲ, ಯಾರೋ ತಂದು ಹಚ್ಚಿದರು. 1929ರ ನಂತರ ಜಗತ್ತಿನ ಪೇಟಿ ಬಿದ್ದು ಹೋಯ್ತು. ಹೊರದೇಶದಾಗ ಚಾ ಕೊಳ್ಳೋರಿಲ್ಲ, ಕಾಫಿ ಕೊಳ್ಳೋರಿಲ್ಲ. ತೋಟದವರು ಆಗ ತಿರುಗಿ ನಮ್ಮ ದೇಶದ ಮಂದಿ ಕಡಿ ನೋಡಿದರು. ಚಾದವರು ಮಾರುಕಟ್ಟೆ ಬೆಳೆಸೋ ಮಂಡಳಿ ಕಟ್ಟಿ, ಸಂತಿ-ಜಾತ್ರಿ, ರೈಲು ಸ್ಟೇಷನ್ ತಿರುಗಿ ಪುಕ್ಕಟೆ ಚಾ ಕುಡಿಸಿದರು. ಚಾ ಹೆಂಗ ಮಾಡಬೇಕು ಅಂತ ತಗಡಿನ ಬೋರ್ಡ್ ಹಚ್ಚಿದರು. ಆ ಬೋರ್ಡಿನ ಪ್ರಕಾರ ಎಲಿ ಕುದಿಸಬಾರದು, ಬಿಸಿ ನೀರಾಗ ನೆನಸಿ ಸೋಸಬೇಕು. ನಮ್ಮ ಮಂದಿ ಕೇಳಲಿಲ್ಲ. ಹಾಲು, ಸಕ್ಕರಿ, ಅಲ್ಲ ಹಾಕಿ ಕುದಿಸಿ ಕುದಿಸಿ ತಮ್ಮದೇ ಚಾ ಮಾಡಿಕೊಂಡರು.

ಕಾಫಿಯವರೂ ಸುಮ್ಮನೆ ಕೂಡಲಿಲ್ಲ. 1935ರಾಗ ಕಾಫಿ ಮ್ಯಾಲ ಸೆಸ್ ಹಾಕಿ ಒಂದು ಸಮಿತಿ ಮಾಡಿದರು. 1936ರಾಗ ಮುಂಬೈದ ಚರ್ಚ್‌ಗೇಟಿನಾಗ ಮೊದಲ ಕಾಫಿ ಹೌಸ್ ತೆರೀತು, ಆಮ್ಯಾಲ ಊರೂರಿಗೆ ಬಂದವು. ಮುಂದ ಮಂಡಳಿ ಅವುಗಳನ್ನ ಮುಚ್ಚಲಿಕ್ಕೆ ಹೊಂಟಾಗ, 1957ರಿಂದ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ನಡೆಸಿದರು. ಇಂಡಿಯನ್ ಕಾಫಿ ಹೌಸ್ ಅಂತ ಇವತ್ತಿಗೂ ನಡೆದಾವ. ಆದ್ರ ಅವೆಲ್ಲ ಪಟ್ಟಣದ ಮಾತು. ಹಳ್ಳಿ ಹಳ್ಳಿಗೆ ಹೋಗಿದ್ದು ಚಾ.

ಎಲ್ಲ ಒಂದೇ ಕುಪ್ಪಿ

ಈಗ ಮುಖ್ಯ ಮಾತಿಗೆ ಬರ್ತೀನಿ.

1939ರಾಗ ಎರಡನೇ ಮಹಾಯುದ್ಧ ಶುರುವಾಯ್ತು. ನಮ್ಮ ಕಾಫಿ ಹೋಗ್ತಿದ್ದದ್ದು ಯುರೋಪಿಗೆ. ಆ ಪೇಟಿ ಬಂದಾಯ್ತು. ಬೆಳೆಗಾರ ಮುಳುಗಿ ಹೋಗಬಾರದು ಅಂತ ಸರಕಾರ 1940ರಾಗ ಒಂದು ಮಂಡಳಿ ಮಾಡ್ತು, 1942ರಾಗ ಕಾಯ್ದೆನೇ ತಂತು. ಅದೇ ಇವತ್ತಿನ ಕಾಫಿ ಬೋರ್ಡ್. ಪದ್ಧತಿ ಹೆಸರು "ಪೂಲಿಂಗ್". ಪೂಲ್ ಅಂದ್ರ ಎಲ್ಲರ ಮಾಲು ಒಂದೇ ಕುಪ್ಪಿ ಹಾಕೋದು.

ನಡೀತಿದ್ದದ್ದು ಹಿಂಗ. ಬೆಳೆಗಾರ ತನ್ನ ಕಾಫಿ ಬೋರ್ಡಿಗೆ ಒಪ್ಪಿಸಬೇಕು. ಹೊರಗ ಮಾರಂಗಿಲ್ಲ. ಬೋರ್ಡ್ ಅದನ್ನ ದರ್ಜೆ ಮಾಡಿಸಿ, ಕೂಡಿಸಿ, ಒಂದಿಷ್ಟು ರಫ್ತಿಗೆ, ಒಂದಿಷ್ಟು ದೇಶದೊಳಗ ಹರಾಜಿಗೆ ಇಡ್ತಿತ್ತು. ಬೆಳೆಗಾರನಿಗೆ ದರ್ಜೆಗೆ ಇಷ್ಟು ಅಂತ ಪಾಯಿಂಟ್ ಸಿಗೋವು. ಮಾಲು ಕೊಟ್ಟಾಗ ಮುಂಗಡ ಒಂದಿಷ್ಟು, ಮಾಲು ಮಾರಿದಂಗ ಮಾರಿದಂಗ ಕಂತಿನಾಗ ಉಳಿದದ್ದು. ಕೊನೀ ಕಂತು ಬರೋದ್ರೊಳಗ ಮುಂದಿನ ಬೆಳಿ ಕೊಯ್ಲಿಗೆ ಬಂದಿರ್ತಿತ್ತು.

ಇದರಾಗ ಒಳ್ಳೇದೂ ಇತ್ತು. ಅದನ್ನ ಮರಿಯಬಾರದು. ಎರಡು ಎಕರೆಯವನಿಗೂ ಮಾರಾಟದ ಚಿಂತಿ ಇರಲಿಲ್ಲ. ಮಾಲು ತಗೊಳ್ಳೋಲ್ಲ ಅನ್ನೋ ಮಾತಿಲ್ಲ. ವ್ಯಾಪಾರಿ ಮುಂದ ಕೈ ಕಟ್ಟಿ ನಿಲ್ಲೋದಿಲ್ಲ. ಜಗತ್ತಿನ ಪೇಟಿ ಏರಿದ್ರೂ ಇಳಿದ್ರೂ ಆ ಪೆಟ್ಟು ನೇರ ಇವನಿಗೆ ತಾಗ್ತಿರಲಿಲ್ಲ. ಯುದ್ಧಕಾಲದಾಗ ಸಣ್ಣ ಬೆಳೆಗಾರನ್ನ ಉಳಿಸಿದ್ದು ಈ ಪದ್ಧತಿನೇ.

ಆದ್ರ ಒಂದು ಹೋಯ್ತು. ಒಬ್ಬ ಹಣ್ಣಾದ ಕಾಯಿ ಮಾತ್ರ ಆರಿಸಿ ಬಿಡಿಸಿ, ಸಿಪ್ಪಿ ತೆಗೆದು, ತೊಳೆದು, ನೆರಳು-ಬಿಸಿಲು ನೋಡಿ ಒಣಗಿಸ್ತಾನ. ಇನ್ನೊಬ್ಬ ಹಸೀದು-ಹಣ್ಣು ಕೂಡಿಸಿ ಬರಗಿ ತರ್ತಾನ. ಒಂದೇ ದರ್ಜೆಗೆ ಬಿದ್ರ ಇಬ್ಬರ ಬೀಜನೂ ಒಂದೇ ಕುಪ್ಪಿ ಸೇರ್ತಿದ್ದವು. ಯಾರ ಗುಡ್ಡದ್ದು, ಯಾರ ಕೈದು ಅನ್ನೋದು ಅಲ್ಲಿಗೆ ಅಳಿಸಿ ಹೋಗೋದು. ಜರ್ಮನಿಯಾಗೋ ರಷ್ಯಾದಾಗೋ ಕುಡಿಯೋನಿಗೆ ಇದು ಭಾರತದ ಕಾಫಿ ಅಂತ ಗೊತ್ತಾದ್ರ ದೊಡ್ಡದು. ಬೆಳೆದವನಿಗೂ ತನ್ನ ಬೀಜದ ರುಚಿ ಏನು ಅಂತ ಗೊತ್ತಾಗೋ ಕಾರಣನೇ ಇರಲಿಲ್ಲ. ಪಾಯಿಂಟ್ ಬಂತಾ, ಮುಗೀತು. ಇದು ಹೆಚ್ಚು ಕಡಿಮಿ ಐವತ್ತು ವರ್ಷ ನಡೀತು.

ಬಾಗಿಲು ತೆಗೆದ ಮ್ಯಾಲ

1962ರಿಂದ ಜಗತ್ತಿನ ಮಟ್ಟದಾಗ ಒಂದು ಕಾಫಿ ಒಪ್ಪಂದ ಇತ್ತು. ಬೆಳಿಯೋ ದೇಶಗಳು, ಕೊಳ್ಳೋ ದೇಶಗಳು ಕೂಡಿ ಯಾವ ದೇಶ ಎಷ್ಟು ರಫ್ತು ಮಾಡಬೇಕು ಅಂತ ಪಾಲು ಹಂಚಿಕೊಂಡಿದ್ದರು. 1989ರ ಜುಲೈದಾಗ ಆ ಪಾಲಿನ ಕಟ್ಟು ಮುರೀತು, ಧಾರಣಿ ಕುಸೀತು. 1991ರಾಗ ನಮ್ಮ ಕಾಫಿಯ ದೊಡ್ಡ ಗಿರಾಕಿ ಆಗಿದ್ದ ಸೋವಿಯತ್ ರಷ್ಯಾ ಒಡೀತು. ಪೂಲಿನ ಆಸರ ಅಲ್ಲಾಡ್ತು. ನಮ್ಮ ಮಾಲು ನಾವೇ ಮಾರ್ತೀವಿ ಅಂತ ಬೆಳೆಗಾರರು ಕೇಳಲಿಕ್ಕೆ ಹತ್ತಿದರು.

ಬಾಗಿಲು ಸ್ವಲ್ಪ ಸ್ವಲ್ಪನೇ ತೆರೀತು. 1992ರಾಗ ನೂರಕ್ಕ 30 ಪಾಲು ದೇಶದೊಳಗ ತಾವೇ ಮಾರಲಿಕ್ಕೆ ಬಿಟ್ಟರು. ಆಮ್ಯಾಲ ಅದು ಅರ್ಧಕ್ಕ ಬಂತು. ಆಮ್ಯಾಲ 10 ಹೆಕ್ಟೇರ್ ಒಳಗಿನ ಸಣ್ಣ ಬೆಳೆಗಾರರಿಗೆ ಪೂರ್ತಿ ಬಿಟ್ಟರು. 1996ರಾಗ ದೊಡ್ಡವರು-ಸಣ್ಣವರು ಎಲ್ಲರಿಗೂ ಬಿಟ್ಟರು. ನಡುವ 1994ರಾಗ ಬ್ರೆಜಿಲಿನಾಗ ಹಿಮ ಬಿದ್ದು ಗಿಡ ಸುಟ್ಟು ಜಗತ್ತಿನ ಧಾರಣಿ ಒಮ್ಮೆಲೆ ಏರಿತ್ತು. ಅದೇ ಹೊತ್ತಿಗೆ ಬಾಗಿಲು ತೆರೆದದ್ದರಿಂದ ಬೆಳೆಗಾರರ ಕೈಗೆ ರೊಕ್ಕ ಬಂತು. ಬೆಂಗಳೂರಿನ ಬ್ರಿಗೇಡ್ ರೋಡಿನಾಗ ಮೊದಲ ಕಾಫಿ ಡೇ ಅಂಗಡಿ ತೆರೆದದ್ದೂ 1996ರಾಗೇ.

ಎಲ್ಲ ಸರಿಹೋಯ್ತು ಅಂತ ತಿಳೀಬ್ಯಾಡ್ರಿ. ಐದು ವರ್ಷ ಆಗೋದ್ರೊಳಗ ವಿಯೆಟ್ನಾಂ ರಾಶಿ ರಾಶಿ ರೋಬಸ್ಟಾ ಬೆಳೆದು ಪೇಟಿಗೆ ತಂತು. 2001-02ರ ಹೊತ್ತಿಗೆ ಜಗತ್ತಿನ ಕಾಫಿ ಧಾರಣಿ ನೆಲ ಕಚ್ಚಿತು. ಕೊಯ್ಲಿನ ಕೂಲಿ ಹುಟ್ಟಲಿಲ್ಲ ಅಂತ ಹಣ್ಣು ಗಿಡದ ಮ್ಯಾಲೇ ಬಿಟ್ಟವರಿದ್ದರು. ಸಾಲ ಏರಿತು. ಹಿಂದ ಹಿಡಿಯಲಿಕ್ಕೆ ಇದ್ದ ಪೂಲ್ ಈಗ ಇರಲಿಲ್ಲ. ಪೂಲ್ ಇದ್ದಾಗ ಕಾಲಡಿ ನೆಲ ಇತ್ತು, ಹೆಸರಿರಲಿಲ್ಲ. ಬಾಗಿಲು ತೆರೆದ ಮ್ಯಾಲ ಹೆಸರಿಗೆ ಹಾದಿ ಆಯ್ತು, ನೆಲ ಹೋಯ್ತು. ಈ ಎರಡನ್ನೂ ಒಟ್ಟಿಗೇ ನೋಡಬೇಕು. ಒಂದನ್ನೇ ಹಿಡಿದು ಮಾತಾಡೋರು ಅರ್ಧ ಕಥಿ ಹೇಳ್ತಾರ.

ಆ ಕೆಟ್ಟ ವರ್ಷಗಳ ಮ್ಯಾಲ ಕೆಲವು ಬೆಳೆಗಾರರು ಬ್ಯಾರೆ ಹಾದಿ ಹಿಡಿದರು. ತಮ್ಮ ಬೀಜ ತಾವೇ ಹುರಿದು ಕುಡಿದು ನೋಡಿದರು. ಯಾವ ಕಡಿ ತೋಟದ್ದು ಹೆಂಗ ಬರ್ತದ, ಒಂದು ದಿನ ಹೆಚ್ಚು ಹುಳಿ ಹಿಡಿಸಿದ್ರ ಏನಾಗ್ತದ ಅಂತ ಬರೆದಿಟ್ಟರು. ಹುರಿಯೋ ಅಂಗಡಿಯವರ ಜೊತಿ ನೇರ ಮಾತಾಡಿದರು. 2019ರಾಗ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಈ ಹೆಸರುಗಳಿಗೆ ಭೌಗೋಳಿಕ ಗುರುತು ಸಿಕ್ತು, ನಾವು ಜಿಐ ಟ್ಯಾಗ್ ಅಂತೀವಲ್ಲ ಅದು. ಮಗಳ ಪಾಕೀಟಿನ ಮ್ಯಾಲಿನ ಹೆಸರು ಈ ಹಾದಿ ಹಿಡಿದು ಬಂದದ್ದು. ಇವತ್ತಿಗೂ ಎಲ್ಲ ಬೆಳೆಗಾರರಿಗೂ ಇದು ಸಿಕ್ಕಿಲ್ಲ. ಹೆಚ್ಚಿನವರು ಈಗಲೂ ಚೀಲ ಕಟ್ಟಿ ವ್ಯಾಪಾರಿಗೇ ಕೊಡ್ತಾರ. ಆದ್ರ ಕೊಡೋ ಮೊದಲು ತನ್ನ ಮಾಲು ಏನು ಅಂತ ತಿಳ್ಕೊಂಡವನು ಮಾತಾಡೋ ರೀತಿನೇ ಬ್ಯಾರೆ.

ಚೊಂಬಿನ ಕಥಿ

ಇದರಾಗ ಸೋಸು ಚೊಂಬಿನ ಕೆಲಸ ಏನು?

ಹೆಸರು ಫ್ರೆಂಚ್ ಇದ್ರೂ ಹುಟ್ಟು ಒಂದೇ ದೇಶದ್ದಲ್ಲ. 1852ರಾಗ ಪ್ಯಾರಿಸಿನ ಮೇಯರ್ ಮತ್ತು ಡೆಲ್‌ಫೋರ್ಜ್ ಅನ್ನೋ ಇಬ್ಬರು ಸಳಿಗೆ ಜಾಲರಿ ಕಟ್ಟಿ ಪುಡಿ ಕೆಳಗ ಒತ್ತೋ ಪಾತ್ರಿಗೆ ಪೇಟೆಂಟ್ ತಗೊಂಡರು. ಆದ್ರ ಜಾಲರಿ ಪಾತ್ರಿ ಗೋಡಿಗೆ ಬಿಗಿಯಾಗಿ ಕೂಡಬೇಕಲ್ಲ, ಇಲ್ಲಂದ್ರ ಬದಿಯಿಂದ ಪುಡಿ ಮ್ಯಾಲ ಬರ್ತದ. ಪಂಪಿನ ವಾಷರ್ ಸವೆದಾಗ ಏನಾಗ್ತದ ಅಂತ ನಮಗ ಗೊತ್ತೇ ಅದ. 1929ರಾಗ ಇಟಲಿಯ ಮಿಲಾನಿನ ಕಲಿಮಾನಿ ಇದನ್ನ ಸುಧಾರಿಸಿ ಪೇಟೆಂಟ್ ಮಾಡಿಸಿದ. 1958ರಾಗ ಬೊಂಡಾನಿನಿ ಅನ್ನೋ ಇನ್ನೊಬ್ಬ ಇಟಲಿಯವ ಮತ್ತೂ ಸುಧಾರಿಸಿದ. ಅವನ ಚೊಂಬು ತಯಾರಾದದ್ದು ಫ್ರಾನ್ಸಿನಾಗ, ಕ್ಲಾರಿನೆಟ್ ವಾದ್ಯ ಮಾಡೋ ಕಾರ್ಖಾನಿಯಾಗ. ಶಹನಾಯಿ ಮಾಡೋರ ಕೈಯಾಗ ಚಾ ಪಾತ್ರಿ ಕೊಟ್ಟಂಗ. ಊದೋ ವಾದ್ಯದಾಗ ಗಾಳಿ ಸೋರಬಾರದು, ಅಂಥಾ ಕೈಗೆ ಇದರ ಬಿಗಿ ಕಷ್ಟ ಆಗಿರಲಿಕ್ಕಿಲ್ಲ.

ಇನ್ನು ಈ ಮಾತು ಕೇಳ್ರಿ. ಕಾಫಿ ಪರೀಕ್ಷೆ ಮಾಡೋ ಮಂದಿ ಬೀಜದ ಗುಣ ನೋಡೋದು ಹೆಂಗ? ಒಂದು ಬಟ್ಟಲದಾಗ ದಪ್ಪ ಪುಡಿ ಹಾಕ್ತಾರ, ಬಿಸಿ ನೀರು ಸುರೀತಾರ, ನಾಲ್ಕು ನಿಮಿಷ ಬಿಡ್ತಾರ, ಮ್ಯಾಲ ಕಟ್ಟಿದ ಕೆನಿ ಚಮಚದಿಂದ ಒಡೆದು ಮೂಸ್ತಾರ, ಪುಡಿ ತಳಕ್ಕ ಕೂತ ಮ್ಯಾಲ ಸುರ್ ಅಂತ ಹೀರಿ ನೋಡ್ತಾರ. ಹಾಲಿಲ್ಲ, ಸಕ್ಕರಿಲ್ಲ. ಸೋಸು ಚೊಂಬಿನ ಕೆಲಸನೂ ಇದೇ. ನೆನಸೋದು, ಕೂಡಿಸೋದು, ಕುಡಿಯೋದು. ಸಣ್ಣ ಬೆಳೆಗಾರ ತನ್ನ ಬೀಜದ ರುಚಿ ತಾನೇ ನೋಡಬೇಕಂದ್ರ ಇದು ಸೋವಿ ಹತಾರ.

ನಮ್ಮ ಫಿಲ್ಟರ್ ಕಾಫಿ ಕೆಟ್ಟದ್ದು ಅಂತ ನಾ ಹೇಳಲ್ಲ. ಬೆಂಗಳೂರಿಗೆ ಹೋದಾಗ ನಾನೂ ಎರಡು ಸಲ ಕುಡೀತೀನಿ. ಆದ್ರ ಅದರಾಗ ಚಿಕೋರಿ ಇರ್ತದ. ಚಿಕೋರಿ ಅಂದ್ರ ಒಂದು ಗಡ್ಡಿ, ಒಣಗಿಸಿ ಹುರಿದು ಪುಡಿ ಮಾಡಿದ್ದು, ಗುಜರಾತ್, ಉತ್ತರ ಪ್ರದೇಶದ ಕಡಿ ಬೆಳೀತಾರ. ಕಾಫಿ-ಚಿಕೋರಿ ಪುಡಿಯಾಗ ನೂರಕ್ಕ 51 ಪಾಲಾದ್ರೂ ಕಾಫಿ ಇರಬೇಕು ಅಂತ ನಿಯಮ ಅದ. ಅಂದ್ರ 49ರತನಕ ಗಡ್ಡಿ ಪುಡಿ ಇರಬಹುದು. ಪಾಕೀಟಿನ ಮ್ಯಾಲ ಎಷ್ಟು ಅಂತ ಬರೆದಿರ್ತಾರ, ಓದಿ ತಗೋರಿ. ಚಿಕೋರಿ, ಹಾಲು, ಸಕ್ಕರಿ ಮೂರೂ ಕೂಡಿದ್ರ ರುಚಿ ಆಗ್ತದ, ಆದ್ರ ಬೀಜ ಯಾವ ಹೊಲದ್ದು ಅಂತ ಹೇಳಂಗಿಲ್ಲ.

ಮಾಡಿ ನೋಡೋರಿಗೆ ಹೇಳ್ತೀನಿ. ಪುಡಿ ದಪ್ಪ ರವಾದಷ್ಟು ಇರಬೇಕು. ಅರ್ಧ ಲೀಟರ್ ನೀರಿಗೆ 30 ಗ್ರಾಂ ಪುಡಿ, ಅಂದ್ರ ಊಟದ ಚಮಚದಿಂದ ಐದಾರು. ಚೊಂಬಿಗೆ ಮೊದಲು ಬಿಸಿ ನೀರು ಹಾಕಿ ಚೆಲ್ರಿ, ತಣ್ಣನ ಗಾಜು ಸೀಳ್ತದ. ನೀರು ಕುದ್ದ ಮ್ಯಾಲ ಅರ್ಧ ನಿಮಿಷ ಇಳಿಸಿಟ್ಟು ಪುಡಿ ಮ್ಯಾಲ ಸುರೀರಿ. ಒಂದು ಸಲ ಕಟ್ಟಿಗಿ ಸೌಟಿನಿಂದ ತಿರುವಿ ಮುಚ್ಚಿ ನಾಲ್ಕು ನಿಮಿಷ ಬಿಡ್ರಿ. ಆಮ್ಯಾಲ ಸಾವಕಾಶ ಒತ್ರಿ. ಬಿಗಿ ಆದ್ರ ಜೋರು ಮಾಡಬ್ಯಾಡ್ರಿ, ಸ್ವಲ್ಪ ಮ್ಯಾಲ ಎತ್ತಿ ಮತ್ತ ಒತ್ರಿ, ಇದು ನನ್ನ ಅಂಗೈ ಕಲಿತ ಪಾಠ. ಒತ್ತಿದ ಮ್ಯಾಲ ಎಲ್ಲ ಕಪ್ಪಿಗೆ ಸುರಿದುಬಿಡ್ರಿ, ಹಂಗೇ ಇಟ್ರ ಪುಡಿ ಮ್ಯಾಲ ನಿಂತು ಕಹಿ ಆಗ್ತದ. ಚೊಂಬು ಇಲ್ಲಾಂದ್ರೂ ಚಿಂತಿಲ್ಲ. ಗಂಗಾಳ ಮುಚ್ಚಿದ ತಂಬಿಗಿಯಾಗ ನೆನಸಿ, ಬಟ್ಟಿಯಾಗ ಸೋಸಿದ್ರೂ ಅದೇ ಕೆಲಸ. ಒಂದು ಎಚ್ಚರ: ಜಾಲರಿಯಾಗ ಸೋಸಿದ ಕಾಫಿಯಾಗ ಬೀಜದ ಎಣ್ಣಿ ಅಂಶ ಉಳೀತದ. ದಿನಾ ನಾಲ್ಕೈದು ಕಪ್ಪು ಕುಡಿದ್ರ ಕೊಲೆಸ್ಟ್ರಾಲ್ ಏರ್ತದ. ಅದು ಇದ್ದವರು ದಿನಾ ಕುಡಿಯೋ ಮಾತಿದ್ರ ಡಾಕ್ಟರನ್ನ ಕೇಳ್ರಿ.

ಈಗ ನಮ್ಮ ತೊಗರಿ

ಹೋದ ಕೆಲವು ವರ್ಷದ ಹಿಂದ ಒಂದು ಅಡತದಾಗ ನನ್ನ ಕಣ್ಣ ಮುಂದ ಆದದ್ದು ಹೇಳ್ತೀನಿ. ನಾನು ಎರಡು ಬಿಸಿಲು ಹೆಚ್ಚು ಕೊಟ್ಟು, ತೂರಿ, ಜರಡಿ ಹಿಡಿದು ತೊಗರಿ ಒಯ್ದಿದ್ದೆ. ಪಕ್ಕದಾಗ ಇನ್ನೊಬ್ಬರದ್ದು ಹಸಿ ಮಾಲು, ಮಣ್ಣು-ಕಡ್ಡಿ ಕೂಡಿದ್ದು. ಇಬ್ಬರದ್ದಕ್ಕೂ ಒಂದೇ ಧಾರಣಿ ಹಚ್ಚಿ, ಸಂಜಿಗೆ ಹಮಾಲರು ಎರಡನ್ನೂ ಒಂದೇ ಕುಪ್ಪಿ ಮಾಡಿದರು. ನಾ ಏನೂ ಮಾತಾಡಲಿಲ್ಲ. ಮಾತಾಡಲಿಕ್ಕೆ ನನ್ನ ಕೈಯಾಗ ಏನೂ ಇರಲಿಲ್ಲ. ನನ್ನ ತೊಗರಿ ಬ್ಯಾಳಿ ಎಷ್ಟು ಸೀಟಿಗೆ ಬೇಯ್ತದ, ಕ್ವಿಂಟಲ್‌ಗೆ ಎಷ್ಟು ಬ್ಯಾಳಿ ಇಳೀತದ, ರುಚಿ ಹೆಂಗದ ಅಂತ ಕೇಳಿದ್ರ ನನಗೇ ಗೊತ್ತಿರಲಿಲ್ಲ. ಯಾಕಂದ್ರ ತೊಗರಿ ಎಲ್ಲ ಮಾರಿ, ಮನಿಗೆ ಬ್ಯಾಳಿ ಪಾಕೀಟು ತರೋದು ಶುರು ಮಾಡಿ ಹತ್ತು ವರ್ಷ ಆಗಿತ್ತು.

ನಮ್ಮ ಅವ್ವ ಹಂಗ ಮಾಡ್ತಿರಲಿಲ್ಲ. ತೊಗರಿಗೆ ಎಣ್ಣಿ ಸವರಿ, ಕೆಮ್ಮಣ್ಣು ಕಟ್ಟಿ, ಒಣಗಿಸಿ, ಬೀಸುಕಲ್ಲಿನಾಗ ಒಡೀತಿದ್ದಳು. ಯಾವ ಹೊಲದ ಬ್ಯಾಳಿ ಲಗೂ ಬೇಯ್ತದ ಅಂತ ಅವಳಿಗೆ ಗೊತ್ತಿತ್ತು. ಕೆಳಗಿನ ಎರಿ ಹೊಲದ್ದು ಮನಿಗೆ, ದಿಣ್ಣಿ ಹೊಲದ್ದು ಮಾರಲಿಕ್ಕೆ ಅಂತಿದ್ದಳು. ಅವಳು ಮಾಡ್ತಿದ್ದದ್ದು ಕಾಫಿ ಮಂದಿ ಈಗ ಬಟ್ಟಲ ಇಟ್ಟು ಮಾಡೋ ಪರೀಕ್ಷೆನೇ. ನಾವು ಅದನ್ನ ಬಿಟ್ಟೆವು.

2019ರಾಗ ಕಾಫಿಗೆ ಜಿಐ ಸಿಕ್ತು ಅಂತ ಹೇಳಿದೆನಲ್ಲ, ಅದೇ ವರ್ಷ ನಮ್ಮ ಮಗ್ಗಲಿನ ಕಲಬುರಗಿ ತೊಗರಿ ಬ್ಯಾಳಿಗೂ ಜಿಐ ಸಿಕ್ತು. ಒಂದೇ ವರ್ಷದಾಗ ಇಬ್ಬರಿಗೂ ಗುರುತು. ಗುರುತು ಸರಕಾರ ಕೊಡ್ತದ, ಹೆಸರು ನಾವೇ ಮಾಡಿಕೋಬೇಕು.

ಹಂಗಂತ ಬೆಂಬಲ ಬೆಲೆ ಖರೀದಿ ಕೇಂದ್ರ ಬ್ಯಾಡ, ಎಲ್ಲರೂ ಪಾಕೀಟು ಹೊಡೀರಿ ಅಂತ ನಾ ಹೇಳ್ಲತಿಲ್ಲ. 2001ರ ಕಾಫಿ ಬೆಳೆಗಾರನ ಪಾಡು ಓದಿದ ಮ್ಯಾಲ ಆ ಮಾತು ನನ್ನ ಬಾಯಿಂದ ಬರಂಗಿಲ್ಲ. ಖರೀದಿ ಕೇಂದ್ರ ನಮ್ಮ ಕಾಲಡಿ ನೆಲ. ಅದು ಹೊತ್ತಿಗೆ ಸರಿಯಾಗಿ ತೆರೀಬೇಕು ಅಂತ ಕೇಳೋದನ್ನ ಬಿಡಬಾರದು. ಅದರ ಜೊತಿಗೇ ನಮ್ಮ ಮಾಲಿನ ಗುಣ ನಮಗ ಗೊತ್ತಿರಬೇಕು. ನೆಲನೂ ಬೇಕು, ಹೆಸರೂ ಬೇಕು.

ನಾನು ಈ ವರ್ಷ ಮಾಡೋದು ಇಷ್ಟು. ರಾಶಿ ಆದ ಮ್ಯಾಲ ಎರಡು ಹೊಲದ ತೊಗರಿ ಬ್ಯಾರೆ ಬ್ಯಾರೆ ಚೀಲದಾಗ ತುಂಬ್ತೀನಿ. ಒಂದು ಕ್ವಿಂಟಲ್ ಮಾರದೇ ಇಟ್ಟು, ಎರಡೂ ಹೊಲದ್ದು ಬ್ಯಾರೆ ಬ್ಯಾರೆ ಬ್ಯಾಳಿ ಮಾಡಿಸ್ತೀನಿ. ಗಿರಣಿಯಾಗ ಕ್ವಿಂಟಲ್‌ಗೆ ಹೆಚ್ಚು ಕಡಿಮಿ 70 ಕಿಲೊ ಬ್ಯಾಳಿ ಇಳೀತದ ಅಂತಾರ, ನಮ್ಮದು ಎಷ್ಟು ಇಳೀತದ ಅಂತ ತೂಗಿ ಬರೀತೀನಿ. ಎಷ್ಟು ಹೊತ್ತಿಗೆ ಬೇಯ್ತು, ಸಾರು ಗಟ್ಟಿ ಬಂತಾ ನೀರಾಯ್ತಾ ಅಂತ ಮನಿಯಾಕಿ ಹೇಳಿದ್ದನ್ನ ಬರೀತೀನಿ. ನಿಮ್ಮಲ್ಲಿ ಯಾರಾದ್ರೂ ಬಿಎಸ್‌ಎಂಆರ್ 736 ಹಾಕಿದವರು, ಜಿಆರ್‌ಜಿ 811 ಹಾಕಿದವರು ಇದ್ರ ಐದೈದು ಕಿಲೊ ಇಟ್ಕೊಳ್ರಿ. ಸಂಕ್ರಮಣ ಆದ ಮ್ಯಾಲ ಒಂದಿನ ನಮ್ಮ ಹೊಲದಾಗ ಕೂಡಿ, ಒಂದೇ ಒಲಿ ಮ್ಯಾಲ ಎಲ್ಲರ ಬ್ಯಾಳಿ ಬೇಯಿಸಿ ನೋಡೋಣ. ಉಪ್ಪಿಲ್ಲ, ಖಾರಿಲ್ಲ, ಬರೇ ಬ್ಯಾಳಿ. ಯಾರದ್ದು ಹೆಚ್ಚು ಯಾರದ್ದು ಕಡಿಮಿ ಅನ್ನಲಿಕ್ಕಲ್ಲ. ಮುಂದಿನ ಸಲ ಅಡತಕ್ಕ ಹೋದಾಗ ಬಾಯಾಗ ಮಾತಿರಬೇಕು, ಅದಕ್ಕ.

ರೊಟ್ಟಿ ನಮ್ಮ ಮನಿದು. ಕಾಫಿ ಬೇಕಾದವರಿಗೆ ಸೋಸು ಚೊಂಬು ಅದ. ಮನಿಯಾಕಿ ಒಂದು ಗುಟುಕು ಕುಡಿದು "ಇದು ಕಷಾಯ, ನನಗ ನನ್ನ ಚಾನೇ ಇರಲಿ" ಅಂದಾಳ. ಹಂಗಾಗಿ ಚಾನೂ ಇರ್ತದ.